ವಧು-ವರರು ರದ್ದಿಗೆ, ಗಣಪ ಡಬ್ಬಿಗೆ

ನಮ್ಮ ಮನೆಯಲ್ಲಿ ಎಷ್ಟು ದೇವರಿದ್ದಾರೆ ಅನ್ನೋದು ಮನೆ ಬದಲಿಸುವಾಗಲೇ ಗೊತ್ತಾಗೋದು.

ಪಾತ್ರೆ, ಬಟ್ಟೆ, ಪುಸ್ತಕ ಎಲ್ಲ ಎರಡು ದಿನದಲ್ಲಿ ಕಟ್ಟಿ ಮುಗಿಯಿತು. ಮೂರನೇ ದಿನ ಪೂರ್ತಿ ಅಮ್ಮನ ಬೀರುವಿನ ಕೆಳಗಿನ ಖಾನೆಗೇ ಹೋಯಿತು. ಅಲ್ಲಿ ಜವಳಿ ಅಂಗಡಿಯ ಒಂದು ದೊಡ್ಡ ಚೀಲ. ಅದರ ತುಂಬ ಲಗ್ನಪತ್ರಿಕೆಗಳು. ಮೂಲೆಗೆ ಹಚ್ಚಿದ ಅರಿಶಿನ ಕೆಲವದರಲ್ಲಿ ಇನ್ನೂ ಹಾಗೇ ಇತ್ತು. ಒಂದೆರಡು ಮದುವೆ ಮುರಿದೇ ವರ್ಷಗಳಾಗಿವೆ, ಪತ್ರಿಕೆ ಮಾತ್ರ ಗರಿಗರಿಯಾಗಿದೆ.

"ಇದನ್ನೆಲ್ಲ ರದ್ದಿಗೆ ಹಾಕೋಣ್ವಾ?" ಅಂದೆ.

"ಹಾಕು. ಆದ್ರೆ ತಡಿ" ಅಂದವಳೇ ಅಮ್ಮ ಕತ್ತರಿ ತಂದಳು.

ಒಂದೊಂದೇ ಪತ್ರಿಕೆ ತೆಗೆದು, ಮೇಲಿನ ಗಣಪನನ್ನು ಸುತ್ತಲೂ ಕತ್ತರಿಸಿ ಪಕ್ಕಕ್ಕಿಟ್ಟಳು. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ' ಅನ್ನೋ ಸಾಲನ್ನು ಬೇರೆ ಕತ್ತರಿಸಿದಳು. ಉಳಿದದ್ದು, ಅಂದರೆ ವಧು, ವರ, ಅವರ ಡಿಗ್ರಿ, ಮುಹೂರ್ತ, ಛತ್ರದ ವಿಳಾಸ, 'ತಮ್ಮ ಆಗಮನಾಭಿಲಾಷಿಗಳು', ಎಲ್ಲ ರದ್ದಿ ಗುಡ್ಡೆಗೆ ಬಿತ್ತು. ದೇವರು ಮಾತ್ರ ಹಳೇ ಹಾರ್ಲಿಕ್ಸ್ ಡಬ್ಬಿಗೆ. ಡಬ್ಬಿ ತುಂಬಿದ ಮೇಲೆ ಮುಚ್ಚಳ ಹಾಕಿ "ಯಾವಾಗಾದ್ರೂ ಹೊಳೆ ಕಡೆ ಹೋದಾಗ ಬಿಡೋಣ" ಅಂದಳು. ಆ 'ಯಾವಾಗಾದ್ರೂ' ಸುಮಾರು 20 ವರ್ಷದಿಂದ ನಡೀತಾ ಇದೆ.

ನಗಬೇಕು ಅನ್ನಿಸಿತು, ನಗಲಿಲ್ಲ. ಯಾಕಂದ್ರೆ ಎಲ್ಲೋ ಓದಿದ್ದ ಇನ್ನೊಂದು ಗುಡ್ಡೆ ಕಾಗದ ನೆನಪಾಯಿತು.

ಅದು ಇದ್ದದ್ದು ಹಳೇ ಕೈರೋದಲ್ಲಿ. ಫುಸ್ತಾತ್ ಅನ್ನೋ ಭಾಗದಲ್ಲಿ ಬೆನ್ ಎಜ್ರಾ ಅಂತ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಅದರ ಹೆಂಗಸರ ಅಟ್ಟಣಿಗೆಯ ಕೊನೆಯಲ್ಲಿ, ಗೋಡೆಯ ಮೇಲ್ಗಡೆ ಒಂದು ಕಿಂಡಿ. ಏಣಿ ಹಾಕಿ ಹತ್ತಿದರೆ ಮಾತ್ರ ಕೈಗೆ ಸಿಗುತ್ತದೆ. ಕಿಂಡಿಯ ಆಚೆ ಕತ್ತಲೆ ಕೋಣೆ. ದೇವರ ಹೆಸರು ಬರೆದ ಕಾಗದ ಹಳತಾದರೆ ಹರಿಯುವಂತಿಲ್ಲ, ಸುಡುವಂತಿಲ್ಲ, ಬೀದಿಗೆ ಎಸೆಯುವಂತಿಲ್ಲ. ತಂದು ಈ ಕಿಂಡಿಯೊಳಕ್ಕೆ ಹಾಕಬೇಕು. ಹೀಗೆ ಇಡುವ ಜಾಗಕ್ಕೆ ಗೆನಿಜಾ ಅಂತ ಹೆಸರು. ಬೇರೆ ಊರುಗಳಲ್ಲಿ ತುಂಬಿದ ಮೇಲೆ ತೆಗೆದು ಸ್ಮಶಾನದಲ್ಲಿ ಹೂಳುತ್ತಾರೆ, ಮನುಷ್ಯರನ್ನು ಹೂಳುವ ಹಾಗೇ. ಕೈರೋದವರು ಹೂಳುವ ಗೋಜಿಗೆ ಹೋಗದೆ ಸುಮ್ನೆ ಹಾಕುತ್ತಾ ಹೋದರು. 11ನೇ ಶತಮಾನದಿಂದ 19ನೇ ಶತಮಾನದವರೆಗೆ! ನಮ್ಮಮ್ಮನ 'ಯಾವಾಗಾದ್ರೂ' ಇದರ ಮುಂದೆ ಏನೂ ಅಲ್ಲ.

ಅವರು ಇನ್ನೊಂದು ಹೆಜ್ಜೆಯೂ ಮುಂದೆ ಹೋದರು. ದೇವರ ಹೆಸರು ಬರೆಯುವ ಲಿಪಿ ಅಂದ ಮೇಲೆ ಆ ಲಿಪಿಯೇ ಪವಿತ್ರ ಅಲ್ವಾ? ಹಾಗಾಗಿ ಹೀಬ್ರೂ ಅಕ್ಷರದಲ್ಲಿದ್ದ ಏನನ್ನೂ ಎಸೆಯಲಿಲ್ಲ. ಅವರ ಆಡುಮಾತು ಅರಬ್ಬಿ, ಆದರೆ ಬರೆಯುತ್ತಿದ್ದದ್ದು ಹೀಬ್ರೂ ಅಕ್ಷರದಲ್ಲಿ. ಹೀಗೆ ಸಾಲದ ಚೀಟಿ, ಮದುವೆ ಕರಾರು, ಡೈವೋರ್ಸ್ ಪತ್ರ, ಅಕ್ಷರ ತಿದ್ದುವ ಮಕ್ಕಳ ಹಾಳೆ, ಮಾಟದ ತಾಯಿತ, ಅಂಗಡಿ ಲೆಕ್ಕ ಎಲ್ಲವೂ ಆ ಕೋಣೆ ಸೇರಿದವು. 1896ರಲ್ಲಿ ಕೇಂಬ್ರಿಜ್‌ನ ಇಬ್ಬರು ಅವಳಿ ಅಕ್ಕ-ತಂಗಿಯರು ತಮ್ಮ ಪ್ರವಾಸದಲ್ಲಿ ಕೊಂಡು ತಂದ ಒಂದು ಹಾಳೆಯನ್ನು ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸನಿಗೆ ತೋರಿಸಿದರು. ಅದೇ ಚಳಿಗಾಲ ಆತ ಕೈರೋಗೆ ಹೋದ. ಆ ಕೋಣೆಯ ಧೂಳು ಕುಡಿದು ಆರೋಗ್ಯ ಕೆಡಿಸಿಕೊಂಡ. ಕೊನೆಗೆ ಸುಮಾರು 1,93,000 ಚೂರುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ.

ಇಷ್ಟೂ ದೂರದ ಕತೆ ಅನ್ನಿಸಬಹುದು. ಆದರೆ ಆ ಚೂರುಗಳಲ್ಲಿ ಕೆಲವು ಹೋಗಿದ್ದು ಮಂಗಳೂರಿನಿಂದ.

ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ವ್ಯಾಪಾರಿ. ಈಗಿನ ಟ್ಯುನೀಷಿಯಾದ ಮಹ್ದಿಯಾ ಅವನ ಊರು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಯೆಮನ್ನಿನ ಬಂದರು ಏಡನ್‌ಗೆ ವಾಪಸ್ ಹೋದ. ಆಗ ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ, ಕರಾವಳಿಯಲ್ಲಿ ಆಳುಪರು. ಈತ ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಹಿತ್ತಾಳೆ-ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನ ಗೆಳೆಯರು ಒಡೆದ ಹಳೇ ಪಾತ್ರೆ ಕಳಿಸಿದರೆ ಇವನು ಕರಗಿಸಿ ಹೊಸದು ಮಾಡಿಸಿ ಕಳಿಸುತ್ತಿದ್ದ. ಏಲಕ್ಕಿ ಕೊಡ್ತೀನಿ ಅಂತ ಮುಂಗಡ ಇಸ್ಕೊಂಡು ಕೈಕೊಟ್ಟ ಒಬ್ಬನ ತಗಾದೆ ವರ್ಷಗಟ್ಟಲೆ ಪತ್ರಗಳಲ್ಲಿ ಬರುತ್ತದೆ. ನನಗೆ ತುಂಬ ಇಷ್ಟವಾಗಿದ್ದು ಅವನಿಗೆ ಏಡನ್‌ನಿಂದ ಬರುತ್ತಿದ್ದ ಸಾಮಾನಿನ ಪಟ್ಟಿ. ಸಕ್ಕರೆ, ಒಣದ್ರಾಕ್ಷಿ, ಜೊತೆಗೆ ಕಾಗದ. ಇಲ್ಲಿ ಬರೆಯುತ್ತಿದ್ದದ್ದು ಓಲೆಗರಿಯ ಮೇಲೆ. ಅವನಿಗೆ ಕಾಗದವೇ ಬೇಕು. ಹಾಗಾಗಿ ಬಂದ ಪತ್ರದ ಹಿಂಭಾಗವನ್ನೂ ಖಾಲಿ ಬಿಡದೆ ಬಳಸುತ್ತಿದ್ದ. ನಮ್ಮಜ್ಜ ಕ್ಯಾಲೆಂಡರ್ ಹಾಳೆಯ ಬೆನ್ನಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ.

ಇವೆಲ್ಲ ಉಳಿದದ್ದು ಯಾರೋ ಇತಿಹಾಸ ಕಾಪಾಡಬೇಕು ಅಂದುಕೊಂಡದ್ದರಿಂದ ಅಲ್ಲ. ಆ ಕಾಲದ ಪತ್ರಗಳ ನೆತ್ತಿಯಲ್ಲಿ 'ಕರುಣಾಳುವೇ, ನಿನ್ನ ಹೆಸರಿನಲ್ಲಿ' ಅಂತ ಒಂದು ಸಾಲು ಇರುತ್ತಿತ್ತು. ನಮ್ಮ ಹಿರಿಯರ ಕಾರ್ಡಿನ ತಲೆಯ ಮೇಲೆ ಎರಡು ಗೆರೆಗಳ ನಡುವೆ 'ಶ್ರೀ' ಇರುತ್ತಿತ್ತಲ್ಲ, ಹಾಗೆ. ದೇವರ ಹೆಸರಿನ ಹಿಂದೆ ಮೆಣಸಿನ ಲೆಕ್ಕವೂ ಉಳಿಯಿತು. ಅಮ್ಮನ ಕತ್ತರಿ ಅವರ ಕೈಗೆ ಸಿಕ್ಕಿದ್ದರೆ ಮಂಗಳೂರು ರದ್ದಿಗೆ ಹೋಗುತ್ತಿತ್ತು.

ಅಷ್ಟೊಂದು ಹೆದರಿಸುವಂಥ ಹೆಸರಾದರೂ ಯಾವುದು? ನಾಲ್ಕು ಅಕ್ಷರ. ಯೋದ್, ಹೇ, ವಾವ್, ಹೇ. ಹೀಬ್ರೂವಿನಲ್ಲಿ ವ್ಯಂಜನ ಬರೆದು ಸ್ವರವನ್ನು ಓದುವವನ ನೆನಪಿಗೆ ಬಿಡುತ್ತಾರೆ. ಅಂದರೆ ಅಕ್ಷರ ಇದೆ, ಕಾಗುಣಿತ ಇಲ್ಲ. ಕ್-ಮ್-ಲ್ ಅಂತ ಬರೆದರೆ ಕಮಲವೂ ಆಗಬಹುದು, ಕೋಮಲವೂ ಆಗಬಹುದು, ಕಾಮಾಲೆಯೂ ಆಗಬಹುದು. ಬೇರೆ ಪದವಾದರೆ ದಿನಾ ಆಡಿ ಆಡಿ ನೆನಪಿರುತ್ತದೆ. ಇದನ್ನು ಆಡುವ ಹಾಗೇ ಇಲ್ಲ. ಜೆರುಸಲೇಮಿನ ದೇವಾಲಯದಲ್ಲಿ, ಪ್ರಾಯಶ್ಚಿತ್ತದ ಹಬ್ಬದ ದಿನ, ಮಹಾಯಾಜಕ ಈ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದ, ಕೇಳಿದವರು ಅಡ್ಡಬೀಳುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯ ಕೆಡವಿದರು. ಹೇಳುವ ಜಾಗವೂ ಇಲ್ಲ, ಹೇಳುವವನೂ ಇಲ್ಲ. ಉಚ್ಚಾರಣೆ ಕಳೆದೇ ಹೋಯಿತು. ಇವತ್ತಿಗೂ ಓದುವಾಗ ಈ ನಾಲ್ಕು ಅಕ್ಷರ ಬಂದರೆ 'ಅದೊನಾಯ್' ಅಂತ ಓದುತ್ತಾರೆ, ಅಂದರೆ ಒಡೆಯ. ಪ್ರಾರ್ಥನೆಯ ಹೊರಗೆ ಅದೂ ಬೇಡ, 'ಹಾಶೆಮ್' ಅನ್ನುತ್ತಾರೆ. ಅಂದರೆ ಬರೀ 'ಆ ಹೆಸರು'.

ಇದು ಯಾರಿಗಾದರೂ ವಿಚಿತ್ರ ಅನ್ನಿಸಿದರೆ ಅವರು ನಮ್ಮಜ್ಜಿಯನ್ನು ನೋಡಿಲ್ಲ ಅಷ್ಟೇ. ಅಜ್ಜಿ ಬದುಕಿಡೀ ಅಜ್ಜನ ಹೆಸರು ಹೇಳಲಿಲ್ಲ. 'ಇವರು', 'ಮನೆಯವರು', ಬಹಳ ಅವಸರವಾದರೆ 'ನೋಡಿ ಇಲ್ಲಿ'. ತಮಾಷೆ ಏನಂದ್ರೆ ಅಜ್ಜನ ಹೆಸರು ವೆಂಕಟೇಶ. ಹಾಗಾಗಿ ಅಜ್ಜಿ ದೇವರ ಹೆಸರನ್ನೂ ಹೇಳುವಂತಿರಲಿಲ್ಲ. ಎಲ್ಲರೂ 'ವೆಂಕಟೇಶಾಯ ಗೋವಿಂದಾ' ಅನ್ನುವಾಗ ಇವಳದ್ದು 'ಏಳು ಬೆಟ್ಟದವನೇ'. ದೇವರಿಗೆ ಬೇರೆ ಹೆಸರು ಸಿಕ್ಕಿದ್ದು ಗಂಡನ ಮೇಲಿನ ಮರ್ಯಾದೆಯಿಂದ! ನಮ್ಮ ದೇವರಿಗೆ ಸಾವಿರ ಹೆಸರು ಇರೋದು ಇಂಥ ಹೊತ್ತಿಗೆ ಎಷ್ಟು ಅನುಕೂಲ.

ಈ ಜಾಗ್ರತೆ ಲೆಕ್ಕದೊಳಗೂ ಹೊಕ್ಕಿದೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿ. 15 ಅಂದರೆ ಹತ್ತರ ಯೋದ್, ಐದರ ಹೇ ಬರಬೇಕು. ಆದರೆ ಅದು ಆ ಹೆಸರಿನ ಮೊದಲೆರಡು ಅಕ್ಷರ. ಅದಕ್ಕೇ 15ನ್ನು ಒಂಬತ್ತು-ಆರು ಅಂತ ಬರೆಯುತ್ತಾರೆ, 16ನ್ನು ಒಂಬತ್ತು-ಏಳು ಅಂತ. ಕಣದಲ್ಲಿ ರಾಶಿ ಅಳೆಯುವವರು 'ಒಂದು' ಅನ್ನದೆ 'ಲಾಭ' ಅಂತ ಶುರು ಮಾಡುವುದು ನೆನಪಾಗುತ್ತದೆ. ಕಾರಣ ಬೇರೆ. ಆದರೆ ಅಂಕಿಯನ್ನು ಬಾಯಿಗೆ ತರುವಾಗ ಒಂದು ಕ್ಷಣ ತಡೆಯುವ ಅಭ್ಯಾಸ ಎರಡರಲ್ಲೂ ಇದೆ.

ಚರ್ಮದ ಸುರುಳಿಯ ಮೇಲೆ ಯಹೂದಿಗಳ ಧರ್ಮಗ್ರಂಥ ತೋರಾವನ್ನು ನಕಲು ಮಾಡುವವರ ಪಾಡು ಇನ್ನೂ ಕಷ್ಟ. ಒಟ್ಟು 3,04,805 ಅಕ್ಷರ, ಎಲ್ಲ ಕೈಬರಹ, ಗರಿಯ ಲೇಖನಿ. ಬೇರೆ ಕಡೆ ತಪ್ಪಾದರೆ ಚಾಕುವಿನಿಂದ ಹೆರೆದು ತಿದ್ದಬಹುದು. ಆ ಹೆಸರಿನಲ್ಲಿ ತಪ್ಪಾದರೆ ಹೆರೆಯುವಂತಿಲ್ಲ. ಆ ಇಡೀ ಹಾಳೆ ಬಿಚ್ಚಿ ಗೆನಿಜಾಗೆ. ಹೊಸ ಹಾಳೆ ತೆಗೆದು ಮೊದಲಿಂದ ಬರೆಯಬೇಕು. ಹಾಗಾಗಿ ಹೆಸರು ಬಂದಾಗಲೆಲ್ಲ ಕೈ ನಿಲ್ಲಿಸಿ 'ಹೆಸರಿನ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ' ಅಂತ ಬಾಯಲ್ಲಿ ಹೇಳಿ ಮುಂದುವರಿಯುತ್ತಾರೆ.

ಕನ್ನಡ ಬೈಬಲ್ಲಿನ 'ಯೆಹೋವ' ಹುಟ್ಟಿದ್ದೂ ಇಲ್ಲೇ. ಮಧ್ಯಯುಗದ ಲಿಪಿಕಾರರು ಓದಿಗೆ ಅನುಕೂಲವಾಗಲಿ ಅಂತ ಸ್ವರಚಿಹ್ನೆ ಹಾಕತೊಡಗಿದರು. ಈ ನಾಲ್ಕು ಅಕ್ಷರದ ಕೆಳಗೆ ಬೇಕಂತಲೇ 'ಅದೊನಾಯ್' ಪದದ ಸ್ವರ ಹಾಕಿದರು. 'ಹಾಗೆ ಓದು' ಅನ್ನುವ ಸೂಚನೆ ಅದು. ಮುಂದೆ ಯುರೋಪಿನ ಕ್ರೈಸ್ತ ಓದುಗರು ಒಂದರ ವ್ಯಂಜನ, ಇನ್ನೊಂದರ ಸ್ವರ ಸೇರಿಸಿ ಓದಿದರು. ಅದೇ ಯುರೋಪ್ ಸುತ್ತಿ, ಮಿಷನರಿಗಳ ಜೊತೆ ಹಡಗು ಹತ್ತಿ ನಮ್ಮಲ್ಲಿಗೆ ಬಂತು.

ಈಗ ಮತ್ತೆ ಮಂಗಳೂರಿಗೆ. ಬೆನ್ ಯಿಜುವಿನ ಹತ್ತಿರ ಒಬ್ಬ ಆಳು ಇದ್ದ. ಪತ್ರಗಳಲ್ಲಿ ಅವನನ್ನು ಗುಲಾಮ ಎಂದಿದ್ದಾರೆ. ಆದರೆ ಸರಕು ತಗೊಂಡು ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದವನು, ಅಲ್ಲಿನ ವ್ಯಾಪಾರಿಗಳು ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ತಿಳಿಸುತ್ತಾರೆ. ಹೆಸರೇನು? ಹೀಬ್ರೂ ಅಕ್ಷರದಲ್ಲಿ ಬರೆದಿದ್ದಾರೆ, ಬ ಮತ್ತು ಮ. ನಡುವೆ ಯಾವ ಸ್ವರ ಅಂತ ಗೊತ್ತಿಲ್ಲ. ಮೊದಲು ವಿದ್ವಾಂಸರು 'ಬಾಮ' ಅಂತ ಓದಿದರು. ಆಮೇಲೆ ತುಳುನಾಡಿನ ಹೆಸರುಗಳನ್ನು ಬಲ್ಲವರು ಹೇಳಿದ ಮೇಲೆ 'ಬೊಮ್ಮ' ಅನ್ನೋ ಓದು ಬಂತು.

ಬೊಮ್ಮ ಅಂದರೆ ಬ್ರಹ್ಮ. ಹೇಗೆ ಓದಿದರೂ ಮೂಲ ಅದೇ ಅನ್ನುತ್ತಾರೆ.

ಇದನ್ನು ಓದಿದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ದೇವರ ಹೆಸರಿನ ಸ್ವರ ಕಳೆದುಹೋಗಿದ್ದು ಭಯಭಕ್ತಿಯಿಂದ, ಬಾಯಿಗೆ ತರಬಾರದು ಅಂತ. ಬೊಮ್ಮನ ಸ್ವರ ಕಳೆದುಹೋಗಿದ್ದು, ಅವನ ಹೆಸರಿನ ಕಾಗುಣಿತ ಯಾರಿಗೂ ಮುಖ್ಯ ಅಲ್ಲದ್ದರಿಂದ. ಇಬ್ಬರೂ ಒಂದೇ ಕಾಗದದ ರಾಶಿಯಲ್ಲಿ ಇದ್ದರು. ಅದೂ ಬೊಮ್ಮನದ್ದೂ ದೇವರ ಹೆಸರೇ! ಆ ಮಂದಿರದವರಿಗೆ ಅದು ಗೊತ್ತಿರಲಿಲ್ಲ, ಆದರೂ ಏಳುನೂರು ಚಿಲ್ಲರೆ ವರ್ಷ ಜೋಪಾನ ಮಾಡಿದರು.

ನಮ್ಮ ಕಡೆ ಈ ವಿಷಯದಲ್ಲಿ ಬಹಳ ಸಲೀಸು. ದೇವರ ಹೆಸರನ್ನು ಮಕ್ಕಳಿಗೇ ಇಟ್ಟುಬಿಡುತ್ತೇವೆ. ಆಮೇಲೆ 'ಏ ಮಂಜುನಾಥ, ಬಾಗಿಲು ಹಾಕೋ' ಅಂತ ಗದರುತ್ತೇವೆ. ಅಜಾಮಿಳ ಸಾಯುವಾಗ ಮಗನನ್ನು 'ನಾರಾಯಣಾ' ಅಂತ ಕೂಗಿ ಮೋಕ್ಷ ಪಡೆದ ಕತೆ ಬೇರೆ ಬೆನ್ನಿಗಿದೆ. ಕೂಗಿದಷ್ಟೂ ಪುಣ್ಯ. ತೊಂದರೆ ಶುರುವಾಗಿದ್ದು ಹೆಸರು, ಚಿತ್ರ ಎರಡೂ ಅಚ್ಚಿಗೆ ಬಿದ್ದ ಮೇಲೆ. ಮಣ್ಣಿನ ಗಣಪನಿಗೆ ಒಂದು ವ್ಯವಸ್ಥೆ ಇದೆ. ಆವಾಹನೆ ಮಾಡಿ ಕರೆಯುತ್ತೇವೆ, ಪೂಜೆ ಮುಗಿದ ಮೇಲೆ ಅಕ್ಷತೆ ಹಾಕಿ, ಕೂತ ಜಾಗದಿಂದ ಒಂದಿಷ್ಟು ಸರಿಸಿ ಕಳಿಸಿಕೊಡುತ್ತೇವೆ. ಆಮೇಲೆ ನೀರಿಗೆ ಹೋಗುವುದು ಬರೀ ಮಣ್ಣು. ಆದರೆ ಲಗ್ನಪತ್ರಿಕೆಯ ಗಣಪನನ್ನು ಯಾರೂ ಕರೆದೇ ಇಲ್ಲ. ಕರೆಯದೇ ಬಂದವನನ್ನು ಕಳಿಸುವ ಮಂತ್ರ ಎಲ್ಲಿಂದ ತರೋಣ? ಊದುಬತ್ತಿ ಪ್ಯಾಕೆಟ್, ಬೆಂಕಿಪೊಟ್ಟಣ, ಕರ್ಪೂರದ ಡಬ್ಬಿ, ಬೀಡಿ ಕಟ್ಟು, ಅಕ್ಕಿ ಮೂಟೆ, ಎಲ್ಲದರ ಮೇಲೂ ಕೂತುಬಿಟ್ಟಿದ್ದಾನೆ. ಅರಳಿಕಟ್ಟೆಯ ಮೇಲೆ ಗಾಜೊಡೆದ ಫೋಟೋಗಳ ಸಾಲು ನೋಡಿದ್ದೀರಲ್ಲ, ಅದೇ ನಮ್ಮ ಗೆನಿಜಾ. ಮಳೆ ಬಂದು ಬಣ್ಣ ಇಳಿಯೋವರೆಗೂ ಅಲ್ಲೇ.

ಹಳೇ ಮನೆಯ ಎದುರಿನ ಕಾಂಪೌಂಡಿಗೆ 'ಇಲ್ಲಿ ಮೂತ್ರ ಮಾಡಬಾರದು' ಅಂತ ಬರೆಸಿ ಬರೆಸಿ ಸಾಕಾಗಿ ಯಾರೋ ಟೈಲ್ಸ್ ಕೂರಿಸಿದ್ದರು. ಗಣಪ, ಶಿಲುಬೆ, ಮೆಕ್ಕಾದ ಚಿತ್ರ, ಪಕ್ಕಕ್ಕೆ ಸಾಯಿಬಾಬಾ. ನಾಲ್ಕೂ ಒಂದೇ ಸೈಜು. ಸರ್ವಧರ್ಮ ಸಮ್ಮೇಳನ ಇಷ್ಟು ಸಲೀಸಾಗಿ ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಕೆಲಸವನ್ನೂ ಮಾಡಿತು ಅನ್ನಿ.

ಬೇರೆಯವರೂ ಇದೇ ಪೇಚಿನಲ್ಲಿ ಸಿಕ್ಕಿಕೊಂಡವರೇ. ನಮ್ಮ ದೇಶದಲ್ಲಿ ಲಾರಿ ಮೇಲೆ, ಅಂಗಡಿ ಬಿಲ್ಲಿನ ಮೇಲೆ 786 ಅಂತ ಬರೆದಿರುತ್ತಾರಲ್ಲ, ಅದು ಬಿಸ್ಮಿಲ್ಲಾ ವಾಕ್ಯದ ಅಕ್ಷರಗಳ ಬೆಲೆ ಕೂಡಿದರೆ ಬರುವ ಮೊತ್ತ. ಹೆಸರು ಬರೆದರೆ ಕಾಗದ ಕಾಲಿಗೆ ಸಿಕ್ಕೀತು, ಅಂಕಿ ಬರೆದರೆ ಆ ಭಯ ಇಲ್ಲ. ಇದನ್ನು ಒಪ್ಪದ ಮೌಲ್ವಿಗಳೂ ಇದ್ದಾರೆ. ಯಹೂದಿಗಳು ಪತ್ರದ ತಲೆಗೆ 'ಸ್ವರ್ಗದ ಸಹಾಯದಿಂದ' ಅನ್ನೋ ಮಾತಿನ ಮೊದಲಕ್ಷರಗಳನ್ನಷ್ಟೇ ಬರೆಯುತ್ತಾರೆ. ಅದರಲ್ಲಿ ಆ ನಾಲ್ಕು ಅಕ್ಷರದ ಪೈಕಿ ಒಂದೂ ಇಲ್ಲ ಅನ್ನೋದೇ ಅನುಕೂಲ.

ಹಳೇ ಕುರಾನ್ ಪ್ರತಿಗಳನ್ನು ಬಟ್ಟೆ ಸುತ್ತಿ ಹೂಳುವುದುಂಟು, ಮಸೀದಿಯಲ್ಲಿ ಎತ್ತಿಡುವುದುಂಟು. 1972ರಲ್ಲಿ ಯೆಮನ್‌ನ ಸನಾದಲ್ಲಿ ದೊಡ್ಡ ಮಸೀದಿ ರಿಪೇರಿ ಮಾಡುವಾಗ ಸೂರಿಗೂ ಒಳಚಾವಣಿಗೂ ನಡುವೆ ಚರ್ಮದ ಹಾಳೆಗಳ ರಾಶಿ ಸಿಕ್ಕಿತು. ಕೆಲಸದವರು ಮೂಟೆ ಕಟ್ಟಿ ಮಿನಾರಿನ ಮೆಟ್ಟಿಲ ಮೇಲಿಟ್ಟರು. ಅದರಲ್ಲಿ 7ನೇ ಶತಮಾನದ ಕುರಾನ್ ಪುಟಗಳಿದ್ದವು, ಜಗತ್ತಿನ ಅತಿ ಹಳೆಯವುಗಳ ಪೈಕಿ. ಸಿಖ್ಖರದ್ದು ಇನ್ನೊಂದು ದಾರಿ. ಅವರಿಗೆ ಗ್ರಂಥ ಅಂದರೆ ಜೀವಂತ ಗುರು. ರಾತ್ರಿ ಮಲಗಿಸುತ್ತಾರೆ, ಬೆಳಗ್ಗೆ ಎಬ್ಬಿಸುತ್ತಾರೆ. 1,430 ಪುಟಗಳ ಆ ಪ್ರತಿ ಜೀರ್ಣವಾದರೆ ಪಂಜಾಬಿನ ಗೋಯಿಂದ್‌ವಾಲ್‌ನಂಥ ಕಡೆ ಒಯ್ದು ಅಗ್ನಿಗೆ ಅರ್ಪಿಸುತ್ತಾರೆ. ಮನೆಯ ಹಿರಿಯರಿಗೆ ಮಾಡುವ ಹಾಗೇ.

ಕ್ಯಾಥೊಲಿಕರ ಉಪಾಯ ನನಗೆ ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ತಾಳೆಗರಿಯನ್ನು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ವರ್ಷವಿಡೀ ಒಣಗುತ್ತದೆ. ಮುಂದಿನ ವರ್ಷ ವಾಪಸ್ ಕೊಡುತ್ತಾರೆ. ಅದನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಹಣೆಗೆ ಶಿಲುಬೆಯಾಗಿ ಹಚ್ಚುತ್ತಾರೆ. ಎಸೆಯುವ ಪ್ರಶ್ನೆಯೇ ಇಲ್ಲ, ಮತ್ತೆ ಮೈಮೇಲೇ ಬಂತು! ಲಿಂಗಾಯತರಲ್ಲಿ ಇಷ್ಟಲಿಂಗಕ್ಕೆ ಈ ಚಿಂತೆಯೇ ಇಲ್ಲ. ಬದುಕಿರುವಷ್ಟು ದಿನ ಎದೆಯ ಮೇಲೆ, ಕೊನೆಗೆ ಅಂಗೈಯಲ್ಲಿಟ್ಟುಕೊಂಡು ಕೂತ ಹಾಗೇ ಮಣ್ಣಿಗೆ. ಒಬ್ಬರ ಲಿಂಗ ಇನ್ನೊಬ್ಬರ ಬೀರುವಿಗೆ ಬರುವುದಿಲ್ಲ.

ಹೊಸ ಮನೆಗೆ ಬಂದು ವಾರ ಆಗಿದೆ. ಹಾರ್ಲಿಕ್ಸ್ ಡಬ್ಬಿಯೂ ಬಂದಿದೆ, ದೇವರ ಗೂಡಿನ ಕೆಳಗೆ ಕೂತಿದೆ. ಮೊನ್ನೆ ಅಮ್ಮ ಫೋನ್ ಹಿಡಿದುಕೊಂಡು ಬಂದಳು.

"ಜಾಗ ಇಲ್ಲ ಅಂತಿದೆ ಕಣೋ. ಏನಾದ್ರೂ ಮಾಡು."

ನೋಡಿದೆ. ವಾಟ್ಸಾಪ್ ತುಂಬ ದೇವರು. ಸೋಮವಾರದ ಶಿವ, ಗುರುವಾರದ ರಾಯರು, ಶನಿವಾರದ ಹನುಮಪ್ಪ. ಎಲ್ಲರ ಕಾಲ ಬುಡದಲ್ಲಿ ಗುಲಾಬಿ ಹೂವು, 'ಶುಭೋದಯ'. ಅಳಿಸೋಣ ಅಂದೆ. ಅಮ್ಮನ ಮುಖ ಸಣ್ಣಗಾಯಿತು.

"ದೇವ್ರನ್ನ ಡಿಲೀಟ್ ಮಾಡಬಹುದೇನೋ?"

ಇದೇ ಪ್ರಶ್ನೆ ಕಂಪ್ಯೂಟರ್ ಬಂದಾಗ ಯಹೂದಿ ಧರ್ಮಗುರುಗಳಾದ ರಬ್ಬಿಗಳಿಗೂ ಬಂದಿತ್ತು. ಪರದೆಯ ಮೇಲೆ ಆ ನಾಲ್ಕು ಅಕ್ಷರ ಮೂಡಿದರೆ ಅಳಿಸಬಹುದೇ? ಅಳಿಸಬಹುದು ಅಂದವರೇ ಜಾಸ್ತಿ. ಅದು ಶಾಯಿಯಲ್ಲ, ಬರವಣಿಗೆಯೂ ಅಲ್ಲ, ಬರೀ ಬೆಳಕಿನ ಚುಕ್ಕೆ. ಪ್ರಿಂಟ್ ತೆಗೆದರೆ ಮಾತ್ರ ಜವಾಬ್ದಾರಿ. ಇದನ್ನೇ ಅಮ್ಮನಿಗೆ ಬಿಡಿಸಿ ಹೇಳಿದೆ. ಕೈರೋ, ಕಿಂಡಿ, ಮಂಗಳೂರು, ಬೊಮ್ಮ ಎಲ್ಲ ಸೇರಿಸಿ. ಪೂರ್ತಿ ಕೇಳಿದಳು.

"ಸರಿ, ಹಂಗಾದ್ರೆ ಒಂದು ಕೆಲಸ ಮಾಡ್ತೀನಿ. ಎಲ್ಲಾನೂ ನಿಂಗೆ ಕಳಿಸ್ತೀನಿ. ಬಂದ್ಮೇಲೆ ನನ್ನ ಫೋನಿಂದ ತೆಗಿ."

ಆವತ್ತಿಂದ ದಿನಾ ಬೆಳಗ್ಗೆ ಆರಕ್ಕೆ ನನ್ನ ಫೋನ್ ಟಣ್ ಅನ್ನುತ್ತದೆ. ಸದ್ಯಕ್ಕೆ ಸಾವಿರದ ಚಿಲ್ಲರೆ ಇವೆ.